ವರ್ಕ್‌ಶಾಪ್ ಪ್ರಶ್ನೋತ್ತರ: ಟಾರ್ಚ್ ಎತ್ತಿದರೆ ಲೇಸರ್ ಪ್ಲಸ್ ಸರಿಯುತ್ತದೆ

ಹೋದ ಸಂಚಿಕೆಯಲ್ಲಿ ಮನೆಯಲ್ಲೇ ಕಟ್ಟಿಕೊಳ್ಳುವ ಸಿಎನ್‌ಸಿ ಮೇಜಿನ (ಕಂಪ್ಯೂಟರ್ ಹೇಳಿದ ಹಾಗೆ ಕತ್ತರಿಸುವ, ಕೆತ್ತುವ ಯಂತ್ರ) ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಲೇಸರ್ ಗುರುತಿನ ಬಗ್ಗೆಯೇ, ಅಂದರೆ ಯಂತ್ರ ಯಾವ ಜಾಗದ ಮೇಲಿದೆ ಎಂದು ತೋರಿಸಲು ಎರಡು ಲೇಸರ್ ಗೆರೆ ಅಡ್ಡ ಕೂಡಿಸಿ ಬೀಳಿಸುವ ಪ್ಲಸ್ (+) ಗುರುತು. ಹಾಗಾಗಿ ವೆಲ್ಡಿಂಗ್ ರಾಡು, ಬೇರಿಂಗು, ಕಂಪ್ರೆಸರ್ ಪ್ರಶ್ನೆಗಳನ್ನೆಲ್ಲ ಮುಂದಿನ ಸಲಕ್ಕಿಟ್ಟು ಈ ಸಲ ಇದೊಂದನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಅಡಿಕೆ ಸುಲಿಯುವ ಶೆಡ್ಡಿನ ಒಂದು ಮೂಲೆಯಲ್ಲಿ 4×4 ಅಡಿಯ ಪ್ಲಾಸ್ಮಾ ಕಟಿಂಗ್ ಮೇಜು (ವಿದ್ಯುತ್ತಿನಿಂದ ಕಾದ ಅನಿಲದ ಜ್ವಾಲೆಯಲ್ಲಿ ತಗಡು ಕತ್ತರಿಸುವಂಥದು) ಕಟ್ಟಿದ್ದೇನೆ. ಗೇಟಿನ ಡಿಸೈನು, ಮನೆ ಹೆಸರಿನ ಫಲಕ, ಯಂತ್ರದ ಸಣ್ಣಪುಟ್ಟ ಪ್ಲೇಟು ಕತ್ತರಿಸುತ್ತೇನೆ. ಆರ್ಡುಯಿನೋ (ಸಣ್ಣ ಕಂಟ್ರೋಲ್ ಬೋರ್ಡು) ಮೇಲೆ ಜಿಆರ್‌ಬಿಎಲ್ (ಮೇಜಿನ ಮೋಟಾರು ಓಡಿಸುವ ಸಾಫ್ಟ್‌ವೇರು) ಓಡುತ್ತದೆ. ಎರಡು ಕೆಂಪು ಲೈನ್ ಲೇಸರ್ ತರಿಸಿ, ಒಂದನ್ನು ಜ್ವಾಲೆ ಉಗುಳುವ ಟಾರ್ಚಿನ ಮುಂದೆ, ಇನ್ನೊಂದನ್ನು ಬಲಗಡೆ ಹಾಕಿದೆ. ಟಾರ್ಚ್ ತಗಡಿನಿಂದ 5 ಮಿ.ಮೀ. ಮೇಲಿದ್ದಾಗ ಎರಡು ಗೆರೆ ಕೂಡುವ ಜಾಗ ನಾಝಲ್ (ಟಾರ್ಚಿನ ಮೂತಿ) ಕೆಳಗೇ ಬರುತ್ತದೆ. 40 ಮಿ.ಮೀ.ಗೆ ಎತ್ತಿದರೆ 3 ಮಿ.ಮೀ. ಎಡಕ್ಕೆ ಹೋಗುತ್ತದೆ, ಹಿಂದೆ ಮುಂದೆ ಮಾತ್ರ ಸರಿಯುವುದಿಲ್ಲ. ಲೇಸರ್ ಖರಾಬೋ, ನಾನು ಕೂರಿಸಿದ್ದು ಖರಾಬೋ?

ಉತ್ತರ: ಎರಡೂ ಖರಾಬಾಗಿಲ್ಲ ಮಾರಾಯ್ರೇ. ಎರಡು ಗೆರೆಯನ್ನೂ ನಾಝಲ್ ತುದಿಯ ಒಂದು ಬಿಂದುವಿಗೆ ಗುರಿಯಿಟ್ಟು ಬೋಲ್ಟ್ ಬಿಗಿದಿದ್ದೀರಿ. ಗುರಿ ಇಡಬೇಕಾದ್ದು ಬಿಂದುವಿಗಲ್ಲ, ಟಾರ್ಚಿನ ನಡುಗೆರೆಗೆ, ಅದೂ ಮೇಲಿಂದ ಕೆಳಗಿನ ತನಕ.

ಲೈನ್ ಲೇಸರ್ ತಗಡಿನ ಮೇಲೆ ಗೆರೆಯಾಗಿ ಕಂಡರೂ ಅದರ ಬಾಯಿಂದ ಹೊರಡುವುದು ಬೆಳಕಿನ ತೆಳು ಹಾಳೆ. ನಂಬಿಕೆ ಬರದಿದ್ದರೆ ಸಂಜೆ ಶೆಡ್ಡಿನ ದೀಪ ಆರಿಸಿ, ಒಂದು ಊದಿನಕಡ್ಡಿ ಹಚ್ಚಿ ಅಡ್ಡ ಹಿಡಿಯಿರಿ. ಹೊಗೆಯಲ್ಲಿ ಹಾಳೆ ಪೂರ್ತಿ ಕಾಣುತ್ತದೆ. ಈಗ ನಿಮ್ಮ ಜಗಲಿಯ ಮೂಲೆ ನೋಡಿ. ಎರಡು ಗೋಡೆ ಕೂಡುವ ಅಂಚು ನೆಲದಿಂದ ಮಾಡಿನವರೆಗೆ ನೆಟ್ಟಗಿದೆ, ಯಾಕೆಂದರೆ ಎರಡೂ ಗೋಡೆ ನೆಟ್ಟಗಿವೆ. ಒಂದು ಗೋಡೆ ವಾಲಿದರೂ ಅಂಚು ವಾಲುತ್ತದೆ. ನಿಮ್ಮ ಎರಡು ಬೆಳಕಿನ ಹಾಳೆಗಳು ಕೂಡುವುದೂ ಅಂಥದೇ ಒಂದು ಅಂಚಿನಲ್ಲಿ. ಎರಡೂ ಹಾಳೆ ಟಾರ್ಚಿನ ನಡುಗೆರೆಯನ್ನು ಉದ್ದಕ್ಕೂ ಸೀಳಿಕೊಂಡು ಹೋಗುವ ಹಾಗಿದ್ದರೆ ಆ ಅಂಚೇ ಟಾರ್ಚಿನ ನಡುಗೆರೆ. ಆಮೇಲೆ ಟಾರ್ಚ್ 5 ಮಿ.ಮೀ. ಮೇಲಿರಲಿ, 80 ಮಿ.ಮೀ. ಮೇಲಿರಲಿ, ಪ್ಲಸ್ ಬೀಳುವುದು ಒಂದೇ ಜಾಗಕ್ಕೆ. ತಗಡಿನ ದಪ್ಪ ಬದಲಾದರೂ ಅಷ್ಟೇ.

ನೀವು ಬರೆದ ಲಕ್ಷಣದಲ್ಲೇ ತಪ್ಪು ಯಾವ ಕಡೆ ಎಂದು ಸಿಗುತ್ತದೆ. ಬಲಗಡೆಯ ಲೇಸರ್ ಎಡ-ಬಲ ಹೋಗುವ ಗೆರೆ ಎಳೆಯುತ್ತದೆ, ಹಿಂದೆ-ಮುಂದಿನ ಜಾಗ ಹೇಳುವುದು ಅದು. ಅಲ್ಲಿ ಸರಿದಾಟ ಇಲ್ಲ ಎಂದಿದ್ದೀರಿ, ಹಾಗಾದರೆ ಅದನ್ನು ಮುಟ್ಟಬೇಡಿ. ಎಡ-ಬಲದ ಜಾಗ ಹೇಳುವುದು ಮುಂದಿನ ಲೇಸರ್, ವಾಲಿರುವುದು ಅದು. 35 ಮಿ.ಮೀ. ಏರಿಕೆಗೆ 3 ಮಿ.ಮೀ. ಅಂದರೆ ಸುಮಾರು 5 ಡಿಗ್ರಿ ಓರೆ. ಬಹುಶಃ ಬ್ರಾಕೆಟ್ಟಿಗೆ ಜಾಗ ಸಾಲದೆ ಲೇಸರ್ ಮಾಡ್ಯೂಲನ್ನು ಸ್ವಲ್ಪ ಪಕ್ಕಕ್ಕೆ ಹಾಕಿ, ಗೆರೆ ನಾಝಲ್ಲಿಗೆ ಮುಟ್ಟಲಿ ಎಂದು ತಿರುಗಿಸಿದ್ದೀರಿ. ಪಕ್ಕದಲ್ಲಿರುವುದು ತಪ್ಪಲ್ಲ. ಯಾವ ದಿಕ್ಕಿನಿಂದ ಬಂದರೂ ಹಾಳೆ ನಡುಗೆರೆಯನ್ನು ಸೀಳಿದರೆ ಸಾಕು. ಆದರೆ ಗೆರೆಗಳು ಎಕ್ಸ್ (ಎಡ-ಬಲ), ವೈ (ಹಿಂದೆ-ಮುಂದೆ) ದಿಕ್ಕಿಗೇ ಇದ್ದರೆ ತಗಡಿನ ಅಂಚು ನೋಡಲು ಅನುಕೂಲ, ಹಾಗಾಗಿ ಆದಷ್ಟು ನೇರ ಮುಂದೆಯೇ ಇಡಿ.

ಸರಿಪಡಿಸುವ ಮೊದಲು ಟಾರ್ಚ್ ಮೇಜಿಗೆ ನೆಟ್ಟಗಿದೆಯೇ ಎಂದು ಮೂಲೆಮಟ್ಟ ಹಿಡಿದು ಎರಡು ಕಡೆಯಿಂದ ನೋಡಿ. ಟಾರ್ಚೇ ವಾಲಿದ್ದರೆ ಲೇಸರನ್ನು ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ, ಕತ್ತರಿಸಿದ ಅಂಚೂ ಓರೆ ಬರುತ್ತದೆ. ಅದಾದ ಮೇಲೆ ಲೇಸರ್ ಹಚ್ಚಿ ತಗಡನ್ನು ನೋಡಬೇಡಿ, ಟಾರ್ಚನ್ನೇ ನೋಡಿ. ಬೆಳಕು ಟಾರ್ಚಿನ ಮೈಮೇಲೂ ಬೀಳುತ್ತದಲ್ಲ, ಆ ಗೆರೆ ಮೈಯ ಸರಿ ಮಧ್ಯದಲ್ಲಿ ಮೇಲಿಂದ ಕೆಳಗೆ ನೆಟ್ಟಗೆ ಇಳಿಯಬೇಕು. ಮೇಲೆ ಮಧ್ಯದಲ್ಲಿದ್ದು ಕೆಳಗೆ ಪಕ್ಕಕ್ಕೆ ಜಾರಿದರೆ ಮಾಡ್ಯೂಲನ್ನು ಅದರ ತೂತಿನೊಳಗೇ ಒಂಚೂರು ತಿರುಗಿಸಿ. ನೆಟ್ಟಗಿದ್ದೂ ಮಧ್ಯ ಬಿಟ್ಟಿದ್ದರೆ ಬ್ರಾಕೆಟ್ಟನ್ನು ಎಡಕ್ಕೋ ಬಲಕ್ಕೋ ಹೊರಳಿಸಿ. ರೂಟರ್ (ತಿರುಗುವ ಬಿಟ್ಟಿನಿಂದ ಕೆತ್ತುವ ಯಂತ್ರ) ಇದ್ದವರು ಬಿಟ್ ಹಿಡಿಯುವ ಕೋಲೆಟ್ಟಿಗೆ ಒಂದು ನೇರವಾದ 6 ಮಿ.ಮೀ. ಸರಳು ಕಚ್ಚಿಸಿ ಇದನ್ನೇ ಮಾಡಬಹುದು.

ಕೊನೆಯ ಪರೀಕ್ಷೆ ಬೆಂಕಿಯಲ್ಲೇ ಆಗಬೇಕು. ರದ್ದಿ ತಗಡಿನ ಮೇಲೆ ಒಂದು ತೂತು ಹೊಡೆಯಿರಿ, ಎಕ್ಸ್ ವೈ ಅಲುಗಿಸದೆ ಟಾರ್ಚನ್ನು ಮಾತ್ರ ಎತ್ತಿ. 10 ಮಿ.ಮೀ.ನಲ್ಲಿ ನೋಡಿ, 60 ಮಿ.ಮೀ.ನಲ್ಲಿ ನೋಡಿ. ಎರಡೂ ಎತ್ತರದಲ್ಲಿ ಎರಡೂ ಗೆರೆ ತೂತಿನ ಮಧ್ಯ ಹಾದುಹೋದರೆ ಕೆಲಸ ಮುಗಿಯಿತು. ಎತ್ತರದಲ್ಲಿ ಸರಿಯಿರಲೇಬೇಕು ಎಂದು ಇಷ್ಟು ಹಟ ಹಿಡಿಯುವುದಕ್ಕೆ ಕಾರಣ ಇದೆ: ಟಾರ್ಚ್ ಕೆಳಗಿದ್ದಾಗ ಪ್ಲಸ್ಸು ನಾಝಲ್ಲಿನ ನೆರಳಲ್ಲಿ ಮುಚ್ಚಿಹೋಗುತ್ತದೆ. ನೀವು ಅದನ್ನು ಕಣ್ಣಾರೆ ನೋಡಿ ಜೀರೋ (ಯಂತ್ರ ಅಳತೆ ಎಣಿಸಲು ಶುರು ಮಾಡುವ ಬಿಂದು) ಕೂರಿಸುವುದು ಟಾರ್ಚ್ ಎತ್ತಿದಾಗಲೇ.

ಬ್ರಾಕೆಟ್ ಯಾವುದರದ್ದು ಎಂದು ಬರೆದಿಲ್ಲ. ತ್ರೀಡಿ ಪ್ರಿಂಟರಿನ ಪಿಎಲ್‌ಎ ಪ್ಲಾಸ್ಟಿಕ್ ಆಗಿದ್ದರೆ ತೆಗೆಯಿರಿ, ಅದು 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ನೀವು ಅದನ್ನು ಇಟ್ಟಿರುವುದು ಪ್ಲಾಸ್ಮಾ ಪಕ್ಕ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆಗಿದ್ದರಂತೂ ಆರಿದ್ರಾ ಮಳೆ ಹಿಡಿದ ಮೇಲೆ ನಿಮ್ಮ ಕಡೆ ಅದು ತೇವ ಕುಡಿದು ಉಬ್ಬಿ, ಬೇಸಿಗೆಯಲ್ಲಿ ಕೂರಿಸಿದ ಗೆರೆ ಆಷಾಢದಲ್ಲಿ ಬೇರೆಲ್ಲೋ ಇರುತ್ತದೆ. 25 ಮಿ.ಮೀ.ನ ಅಲ್ಯೂಮಿನಿಯಂ ಆಂಗಲ್ ತುಂಡು ಸಾಕು. ಮಾಡ್ಯೂಲುಗಳು ಸಾಮಾನ್ಯವಾಗಿ 12 ಮಿ.ಮೀ. ದಪ್ಪ ಇರುತ್ತವೆ. ಅಷ್ಟಕ್ಕೆ ತೂತು ಕೊರೆದು ಪಕ್ಕದಿಂದ ಒಂದು ಎಂ3 ಗ್ರಬ್ ಸ್ಕ್ರೂ ಕೊಡಿ. ಮನೆಯಲ್ಲಿ ಡ್ರಿಲ್ ಸ್ಟ್ಯಾಂಡ್ ಇಲ್ಲದಿದ್ದರೆ ಶಿವಮೊಗ್ಗಕ್ಕೆ ಬಂದಾಗ ಆಟೋ ಕಾಂಪ್ಲೆಕ್ಸಿನಲ್ಲಿ ಯಾವುದಾದರೂ ಲೇತ್ ಅಂಗಡಿಯಲ್ಲಿ ಚಹಾ ಕುಡಿಯುವಷ್ಟರಲ್ಲಿ ಕೊರೆದು ಕೊಡುತ್ತಾರೆ.

ಅಲ್ಯೂಮಿನಿಯಂ ಎಂದ ಕೂಡಲೇ ಇನ್ನೊಂದು ಹೇಳಬೇಕು. ಅಗ್ಗದ ಕೆಂಪು ಮಾಡ್ಯೂಲುಗಳಲ್ಲಿ ಹಿತ್ತಾಳೆಯ ಮೈಯೇ ಪಾಸಿಟಿವ್ ಆಗಿರುವುದು ಹೆಚ್ಚು. ಮಲ್ಟಿಮೀಟರಿನಲ್ಲಿ ಕೆಂಪು ವೈರಿಗೂ ಮೈಗೂ ಬೀಪ್ ಬರುತ್ತದೋ ನೋಡಿ. ಬಂದರೆ, ಅರ್ಥಿಂಗ್ ಆಗಿರುವ ಚೌಕಟ್ಟಿಗೆ ಅದನ್ನು ಬರಿಮೈಯಲ್ಲಿ ಬಿಗಿದರೆ ಶಾರ್ಟ್ ಆಗಬಹುದು. ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಕೂರುವ ಪ್ಲಾಸ್ಟಿಕ್ ಕೊಳವೆ) ತೊಡಿಸಿ, ಸ್ಕ್ರೂ ತುದಿ ಅದನ್ನು ಹರಿಯದ ಹಾಗೆ ನಡುವೆ ಪ್ಲಾಸ್ಟಿಕ್ ಚೂರು ಕೊಟ್ಟು ಬಿಗಿಯಿರಿ.

ಕರೆಂಟಿನ ವಿಷಯ. ಒಂದೊಂದು ಮಾಡ್ಯೂಲು 20ರಿಂದ 40 ಮಿಲಿ ಆಂಪ್ ಎಳೆಯುತ್ತದೆ, ಆರ್ಡುಯಿನೋ ಪಿನ್ನಿಗೆ ನೇರ ಕಟ್ಟಬೇಡಿ. ನಿಮ್ಮ 24 ವೋಲ್ಟ್ ಸಪ್ಲೈಯಿಂದ ಒಂದು ಬಕ್ ಕನ್ವರ್ಟರ್ ಹಾಕಿ 5 ವೋಲ್ಟ್ ಇಳಿಸಿಕೊಳ್ಳಿ. ಅದರ ಬದಲು 7805 ರೆಗ್ಯುಲೇಟರ್ ಹಾಕಿದರೆ ಅಷ್ಟು ಸಣ್ಣ ಕೆಲಸಕ್ಕೂ ಒಂದೂವರೆ ವಾಟ್ ಬಿಸಿಯಾಗಿ ಹೋಗುತ್ತದೆ. ಮಾಡ್ಯೂಲುಗಳ ನೆಗೆಟಿವನ್ನು ಬಿಸಿ547 ಟ್ರಾನ್ಸಿಸ್ಟರಿನ ಕಲೆಕ್ಟರಿಗೆ ಕೊಟ್ಟು, ಎಮಿಟರ್ ಗ್ರೌಂಡಿಗೆ, ಬೇಸನ್ನು 1 ಕಿಲೋ ಓಮ್ ಮೂಲಕ ಊನೋ ಬೋರ್ಡಿನ ಎ3 ಪಿನ್ನಿಗೆ ಕೊಡಿ. ಜಿಆರ್‌ಬಿಎಲ್ 1.1ರಲ್ಲಿ ಅದು ಕೂಲಂಟ್ (ತಂಪು ಮಾಡುವ ದ್ರವ) ಪಿನ್ನು. ನಿಮ್ಮ ಮೇಜಿಗೆ ಕೂಲಂಟ್ ಪಂಪ್ ಇಲ್ಲವಲ್ಲ, ಖಾಲಿ ಬಿದ್ದಿದೆ. ಎಂ8 ಎಂದು ಆದೇಶ ಕೊಟ್ಟರೆ ಪ್ಲಸ್ ಹತ್ತುತ್ತದೆ, ಎಂ9 ಎಂದರೆ ಆರುತ್ತದೆ. ಕಟಿಂಗ್ ಫೈಲಿನ ಮೊದಲ ಸಾಲಿಗೇ ಎಂ9 ಸೇರಿಸಿಬಿಡಿ. ಹೈ ಫ್ರೀಕ್ವೆನ್ಸಿ ಕಿಡಿಯಿಂದ ಸ್ಟಾರ್ಟ್ ಆಗುವ ಪ್ಲಾಸ್ಮಾ ಆಗಿದ್ದರೆ ಲೇಸರಿನ ವೈರನ್ನು ಟಾರ್ಚ್ ಕೇಬಲ್ಲಿನ ಜೊತೆ ಟೈ ಹಾಕಿ ಕಟ್ಟಬೇಡಿ. ಆ ಕಿಡಿಯ ಗದ್ದಲ ವೈರಿಗೆ ಹತ್ತಿ ಬೋರ್ಡಿನ ತನಕ ಹೋಗುತ್ತದೆ, ಆಮೇಲೆ ಮಧ್ಯದಲ್ಲಿ ಮೇಜು ನಿಂತಾಗ ಸಾಫ್ಟ್‌ವೇರನ್ನು ಬೈಯುತ್ತೀರಿ. ಬೇರೆ ದಾರಿಯಲ್ಲಿ, ಶೀಲ್ಡ್ ಇರುವ ವೈರಿನಲ್ಲಿ ತನ್ನಿ.

ಲೆನ್ಸಿನ ಮುಂದೆ ಶಾಲೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಬಳಸುವ ಗಾಜಿನ ಸ್ಲೈಡ್ ಒಂದನ್ನು ಕೂರಿಸಿ. ಕಿಡಿ ಹಾರಿ ಹಾಳಾಗುವುದು ಸ್ಲೈಡು, ಲೆನ್ಸಲ್ಲ. ಗೆರೆ ಹೊಂದಿಸುವಾಗಲೂ ಗಾಜು ಅಲ್ಲೇ ಇರಲಿ.

ಗೆರೆ ಕೂದಲಷ್ಟು ಸಣ್ಣ ಬರುತ್ತಿಲ್ಲ ಎಂದು ಮುಂದೆ ಬರೆಯುತ್ತೀರಿ ಎಂದು ಗೊತ್ತು. ತುದಿಯ ಲೆನ್ಸ್ ತಿರುಗಿಸಿ ಫೋಕಸ್ ಮಾಡಿದರೆ ಗೆರೆ ಸ್ವಲ್ಪ ಸಣ್ಣದಾಗುತ್ತದೆ, ಒಂದು ಮಿ.ಮೀ. ಹತ್ತಿರ ಬಂದರೆ ಬಿಟ್ಟುಬಿಡಿ. 45 ಆಂಪಿನ ಪ್ಲಾಸ್ಮಾ ಕತ್ತರಿಸಿದ ಸೀಳೇ ಸುಮಾರು ಒಂದೂವರೆ ಮಿ.ಮೀ. ಅಗಲ. ಅದಕ್ಕಿಂತ ನಾಜೂಕಾದ ಗುರುತು ಗೇಟಿನ ಡಿಸೈನಿಗೆ ಯಾಕೆ?

ಪ್ರಶ್ನೆ: ಸಾಗರದಲ್ಲಿ ಮರದ ಕೆತ್ತನೆಗೆ ಸಣ್ಣ ಸಿಎನ್‌ಸಿ ರೂಟರ್ ಇಟ್ಟುಕೊಂಡಿದ್ದೇನೆ. ಎರಡು ಲೇಸರ್ ಹಾಕಲು ಡಸ್ಟ್ ಶೂ (ಮರದ ಹೊಟ್ಟು ಹೀರುವ ಮುಚ್ಚಳ) ಅಡ್ಡ ಬರುತ್ತದೆ. ಒಂದರಲ್ಲೇ ಪ್ಲಸ್ ಬರುವ ಮಾಡ್ಯೂಲನ್ನು ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟಾರು) ಪಕ್ಕ ನೇತುಹಾಕಿದರೆ ನಡೆಯುತ್ತದೆಯೇ? ಇನ್ನೊಂದು, ಹಲಸಿನ ಹಲಗೆ ಮೇಲೆ ಕಾಣುವ ಕೆಂಪು ಗೆರೆ ಬೀಟೆ ಮೇಲೆ ಕಾಣುವುದೇ ಇಲ್ಲ.

ಉತ್ತರ: ನಡೆಯುತ್ತದೆ. ಪ್ಲಸ್ಸು ಬಿಟ್ಟಿನಿಂದ ಎಷ್ಟು ದೂರ ಬೀಳುತ್ತದೆ ಎಂದು ಯಂತ್ರಕ್ಕೆ ಹೇಳಿಕೊಡಬೇಕು, ಅಷ್ಟೇ. ರದ್ದಿ ಹಲಗೆಯಲ್ಲಿ ಸಣ್ಣ ಬಿಟ್ಟಿನಿಂದ ಒಂದು ತೂತು ಹಾಕಿ, ಅಲ್ಲೇ ಎಕ್ಸ್ ವೈ ಎರಡನ್ನೂ ಜೀರೋ ಮಾಡಿ. ಬಿಟ್ ಎತ್ತಿ, ಪ್ಲಸ್ಸು ಅದೇ ತೂತಿನ ಮೇಲೆ ಬರುವವರೆಗೆ ಜಾಗ್ ಮಾಡಿ, ಅಂದರೆ ಯಂತ್ರವನ್ನು ಕೈಯಾರೆ ಸ್ವಲ್ಪಸ್ವಲ್ಪ ಓಡಿಸಿ. ಈಗ ಪರದೆಯಲ್ಲಿ ಕಾಣುವ ಸಂಖ್ಯೆಗಳನ್ನು ಮೈನಸ್ ಚಿಹ್ನೆ ಸಮೇತ ಬರೆದಿಟ್ಟುಕೊಳ್ಳಿ. ಎಕ್ಸ್ ಮೈನಸ್ 58.5, ವೈ ಮೈನಸ್ 12 ಎಂದು ಬಂತು ಎಂದಿಟ್ಟುಕೊಳ್ಳಿ. ಮುಂದೆ ಯಾವ ಹಲಗೆ ಇಟ್ಟರೂ ಪ್ಲಸ್ಸನ್ನು ಮೂಲೆಗೆ ತಂದು «ಜಿ10 ಎಲ್20 ಪಿ1 ಎಕ್ಸ್-58.5 ವೈ-12» ಎಂದು ಕೊಟ್ಟರಾಯಿತು, ಬಿಟ್ ಈಗ ನಿಂತ ಜಾಗದ ಸಂಖ್ಯೆ ಇದು ಎಂದು ಯಂತ್ರಕ್ಕೆ ಹೇಳುವ ಆದೇಶ ಅದು. ನಂತರ «ಜಿ0 ಎಕ್ಸ್0 ವೈ0» ಕೊಟ್ಟರೆ ಬಿಟ್ ಆ ಮೂಲೆಗೇ ಬಂದು ನಿಲ್ಲುತ್ತದೆ. ಕೊಡುವ ಮೊದಲು ಬಿಟ್ ಮೇಲಿದೆಯೇ ನೋಡಿ, ಕ್ಲ್ಯಾಂಪಿಗೆ ಕಣ್ಣಿಲ್ಲ.

ಈ ಥರದ ಒಂಟಿ ಮಾಡ್ಯೂಲಿಗೆ ಎರಡು ತೊಂದರೆ. ಅದು ನೇತಾಡುವುದು ನೆಟ್ಟಗಿರಬೇಕು. 1 ಡಿಗ್ರಿ ವಾಲಿದರೂ 50 ಮಿ.ಮೀ. ಎತ್ತರದ ವ್ಯತ್ಯಾಸಕ್ಕೆ 0.87 ಮಿ.ಮೀ. ತಪ್ಪು ಬರುತ್ತದೆ. ಒಂದಿಂಚಿನ ಹಲಗೆಗೆ ಅಳೆದು ಇಟ್ಟುಕೊಂಡ ದೂರ ಮೂರಿಂಚಿನ ದಿಮ್ಮಿಗೆ ಸುಳ್ಳಾಗುತ್ತದೆ. ಎರಡನೆಯದು, ಮಾಡ್ಯೂಲು ಬಲಗಡೆ ಇದ್ದರೆ ಮೇಜಿನ ಎಡ ಅಂಚಿನ ಆ 58.5 ಮಿ.ಮೀ. ಜಾಗಕ್ಕೆ ಪ್ಲಸ್ಸು ತಲುಪುವುದೇ ಇಲ್ಲ. ಹಲಗೆಯನ್ನು ಅಷ್ಟು ಒಳಗೆ ಇಡುವ ಅಭ್ಯಾಸ ಮಾಡಿಕೊಳ್ಳಿ.

ಬೀಟೆಗೆ ಹಸಿರು ತನ್ನಿ. ನಮ್ಮ ಕಣ್ಣಿಗೆ 555 ನ್ಯಾನೋಮೀಟರಿನ ಹತ್ತಿರದ ಬೆಳಕು ಅತಿ ಹೆಚ್ಚು ಕಾಣುತ್ತದೆ. 650ರ ಕೆಂಪಿಗಿಂತ 532ರ ಹಸಿರು, ಪವರ್ ಅಷ್ಟೇ ಇದ್ದರೂ, ಸುಮಾರು ಎಂಟು ಪಟ್ಟು ಪ್ರಖರ. ಆದರೆ 532ರ ಮಾಡ್ಯೂಲುಗಳು ಹರಳಿನ ಮೂಲಕ ಅವಗೆಂಪು ಬೆಳಕನ್ನು ಹಸಿರಾಗಿಸುವಂಥವು, ಚಳಿಗೆ ಮಂಕಾಗುತ್ತವೆ. ಡಿಸೆಂಬರಿನ ಬೆಳಿಗ್ಗೆ ಇಬ್ಬನಿ ಇರುವಾಗ ಹಚ್ಚಿದರೆ ಸ್ವಲ್ಪ ಹೊತ್ತು ಸೊರಗಿದ ಗೆರೆ ಬರುತ್ತದೆ. 520 ನ್ಯಾನೋಮೀಟರ್ ಎಂದು ಬರೆದಿರುವವು ಡಯೋಡಿನಿಂದಲೇ ನೇರ ಹಸಿರು ಬರುವಂಥವು, ಅವಕ್ಕೆ ಈ ರಗಳೆ ಇಲ್ಲ. ಅದೂ ಬೇಡ, ದುಡ್ಡು ಖರ್ಚು ಮಾಡುವುದಿಲ್ಲ ಎಂದರೆ ಮೂಲೆಗೆ ಒಂದು ಚೂರು ಮಾಸ್ಕಿಂಗ್ ಟೇಪ್ ಅಂಟಿಸಿ. ಹೊಳೆಯುವ ಅಲ್ಯೂಮಿನಿಯಂ, ಸ್ಟೀಲ್ ತಗಡಿಗೂ ಅದೇ ಮದ್ದು, ಇಲ್ಲವೇ ಸೀಮೆಸುಣ್ಣ ಉಜ್ಜಿ. ಕನ್ನಡಿಯಂಥ ಮೈ ಬೆಳಕನ್ನು ಬೇರೆಲ್ಲೋ ಎಸೆಯುತ್ತದೆ, ಅದು ನಿಮ್ಮ ಕಣ್ಣೇ ಆಗಬಹುದು.

ಪ್ರಶ್ನೆ: ನನ್ನ ಹತ್ತಿರ ಕೆತ್ತನೆಗೆ ತಂದ 5 ವಾಟಿನ ನೀಲಿ ಲೇಸರ್ ಇದೆ. ಅದನ್ನೇ ಕಡಿಮೆ ಪವರಿನಲ್ಲಿಟ್ಟು ಗುರುತಿಗೆ ಬಳಸಬಹುದೇ? (ಕೊಪ್ಪದಿಂದ)

ಉತ್ತರ: ಬೇಡ. ಗುರುತಿನ ಲೇಸರ್ 5 ಮಿಲಿವಾಟಿನ ಒಳಗಿರಬೇಕು, ನಿಮ್ಮದು ಅದರ ಸಾವಿರ ಪಟ್ಟು. ಪವರ್ ಇಳಿಸುವುದು ಸಾಫ್ಟ್‌ವೇರಿನ ಒಂದು ಸಂಖ್ಯೆ, ಆ ಸಂಖ್ಯೆ ಒಮ್ಮೆ ತಪ್ಪಿದರೆ ತಗಡಿನಿಂದ ಪುಟಿದ ಬೆಳಕೂ ಕಣ್ಣು ತೆಗೆಯುತ್ತದೆ. ಅದರ ಜೊತೆ ಬಂದ ಕಿತ್ತಳೆ ಕನ್ನಡಕ ನೀಲಿಯನ್ನು ತಡೆಯುತ್ತದೆಯೇ ಹೊರತು ಕೆಂಪನ್ನಲ್ಲ, ಅದನ್ನು ಹಾಕಿಕೊಂಡು ಬೇರೆ ಲೇಸರಿನ ಮುಂದೆ ಧೈರ್ಯ ಮಾಡಬೇಡಿ. 5 ಮಿಲಿವಾಟನ್ನೂ ನೇರ ನೋಡುವ ಹಾಗಿಲ್ಲ. ಮೇಜಿನ ಎತ್ತರ ಎರಡೂವರೆ ಅಡಿ ಅಂದರೆ ಮನೆಯ ಪುಟ್ಟ ಮಕ್ಕಳ ಕಣ್ಣಿನ ಎತ್ತರ. ಮಾಡ್ಯೂಲಿನ ಬಾಯಿ ಕೆಳಮುಖವಾಗಿರಲಿ, ಬದಿಗೆ ಒಂದು ತಗಡಿನ ಮರೆ ಇರಲಿ.

ಪ್ರಶ್ನೆ: ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸದಿಂದ ನಿವೃತ್ತನಾದವನು. ನಾವು ಸ್ಕ್ರೈಬರ್, ಸೆಂಟರ್ ಪಂಚ್ ಇಟ್ಟುಕೊಂಡು ಮಾರ್ಕಿಂಗ್ ಮಾಡುತ್ತಿದ್ದೆವು. ಕೋಲೆಟ್ಟಿಗೆ ಒಂದು ಚೂಪಾದ ಸೂಜಿ ಕಚ್ಚಿಸಿ ಮೂಲೆಗೆ ತಂದರೆ ಸಾಲದೇ? ಲೇಸರ್ ಬರೀ ಷೋಕಿ ಅಲ್ಲವೇ?

ಉತ್ತರ: 1923ರಿಂದ ಕಬ್ಬಿಣ ಕರಗಿಸಿದ ಊರಿನ ಹಿರಿಯರಿಗೆ ಎದುರು ಮಾತಾಡುವುದು ಕಷ್ಟ. ರೂಟರಿನ ಮಟ್ಟಿಗೆ ನೀವು ಹೇಳಿದ್ದು ಸರಿ. ಚೂಪಾದ ವಿ-ಬಿಟ್ ಯಾವ ಅಗ್ಗದ ಲೇಸರಿಗಿಂತಲೂ ನಿಖರ. ಹಲಗೆಯ ಎರಡೂ ಮುಖ ಕೊರೆದು ಹೊಂದಿಸುವ ಕೆಲಸವಿದ್ದರೆ ನಾನೂ ಲೇಸರ್ ನಂಬುವುದಿಲ್ಲ. ಅಂಚಿಗೆ ಕಾಗದ ಹಿಡಿದು, ಸರಳು ಮುಟ್ಟಿಸಿ, ಅದರ ಅರ್ಧ ದಪ್ಪ ಕಳೆಯುತ್ತೇನೆ.

ಪ್ಲಾಸ್ಮಾ ಟಾರ್ಚಿಗೆ ಸೂಜಿ ಕಚ್ಚಿಸಲು ಕೋಲೆಟ್ ಇಲ್ಲ, ಮೊಂಡು ಮೂತಿ. ಅಲ್ಲಿ ಪ್ಲಸ್ ಬೇಕು. ಅದಕ್ಕಿಂತ ದೊಡ್ಡ ಉಪಯೋಗ ತಗಡು ನೇರ ಕೂತಿದೆಯೇ ಎಂದು ನೋಡುವುದರಲ್ಲಿದೆ. ಟಾರ್ಚನ್ನು ಕ್ಲ್ಯಾಂಪುಗಳಿಗಿಂತ ಮೇಲಿಟ್ಟು, ಪ್ಲಸ್ಸನ್ನು ತಗಡಿನ ಒಂದು ಮೂಲೆಗೆ ತಂದು, ಎಕ್ಸ್ ದಿಕ್ಕಿನಲ್ಲಿ ಮಾತ್ರ ಇನ್ನೊಂದು ತುದಿಯವರೆಗೆ ಓಡಿಸಿ. ಗೆರೆ ಅಂಚಿನ ಮೇಲೇ ಇದ್ದರೆ ತಗಡು ನೇರ. 1,200 ಮಿ.ಮೀ.ನಲ್ಲಿ 6 ಮಿ.ಮೀ. ಬಿಟ್ಟುಹೋದರೆ ತಗಡು ಸುಮಾರು 0.3 ಡಿಗ್ರಿ ತಿರುಗಿದೆ ಎಂದು ಲೆಕ್ಕ. ಸುತ್ತಿಗೆಯಲ್ಲಿ ತಟ್ಟಿ ಸರಿಪಡಿಸಬಹುದು, ಇಲ್ಲವೇ ಡ್ರಾಯಿಂಗನ್ನೇ ಅಷ್ಟು ತಿರುಗಿಸಬಹುದು. 8×4ರ ಪೂರ್ತಿ ಶೀಟನ್ನು ಒಬ್ಬರೇ ತಳ್ಳುವುದಕ್ಕಿಂತ ಎರಡನೆಯದು ಸೊಂಟಕ್ಕೆ ಒಳ್ಳೆಯದು.

ಪ್ರಶ್ನೆ: ಹೊಸನಗರ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗುವುದಿಲ್ಲ. ಅರ್ಧ ಕತ್ತರಿಸಿದ ತಗಡು ಹಾಗೇ ಉಳಿಯುತ್ತದೆ, ಜೀರೋ ಕಳೆದುಹೋಗುತ್ತದೆ. ಲೇಸರ್ ಹಾಕಿದರೆ ಇದಕ್ಕೆ ಸಹಾಯ ಆಗುತ್ತದೆಯೇ? ನನ್ನ ಮೇಜಿಗೆ ಹೋಮಿಂಗ್ ಸ್ವಿಚ್ (ಮೇಜಿನ ಮೂಲೆ ಎಲ್ಲಿದೆ ಎಂದು ಯಂತ್ರಕ್ಕೆ ತಿಳಿಸುವ ಸ್ವಿಚ್) ಇಲ್ಲ.

ಉತ್ತರ: ಮೊದಲು ಸ್ವಿಚ್ ಹಾಕಿ, ಲೇಸರಿಗಿಂತ ಅಗ್ಗ. ಜಿ10ರಿಂದ ಕೊಟ್ಟ ಜೀರೋವನ್ನು ಜಿಆರ್‌ಬಿಎಲ್ ಬೋರ್ಡಿನ ನೆನಪಿನಲ್ಲಿ ಉಳಿಸಿಕೊಳ್ಳುತ್ತದೆ, ಕರೆಂಟ್ ಹೋದರೂ ಅಳಿಯುವುದಿಲ್ಲ. ಜೀರೋ ಕೊಡುವ ಇನ್ನೊಂದು ಆದೇಶ ಜಿ92ರಿಂದ ಕೊಟ್ಟದ್ದು ಉಳಿಯುವುದಿಲ್ಲ. ಆದರೆ ಸ್ವಿಚ್ ಇಲ್ಲದ ಮೇಜು ಮತ್ತೆ ಎದ್ದಾಗ ತಾನು ನಿಂತ ಜಾಗವನ್ನೇ ಸೊನ್ನೆ ಎಂದುಕೊಳ್ಳುತ್ತದೆ, ಹಾಗಾಗಿ ಉಳಿದ ಸಂಖ್ಯೆಯಿಂದ ಉಪಯೋಗ ಇಲ್ಲ.

ಸ್ವಿಚ್ ಬರುವ ತನಕ ಹೀಗೆ ಮಾಡಿ. ಕೆಲಸ ಶುರು ಮಾಡುವ ಮೊದಲು ತಗಡಿನಲ್ಲಿ ವ್ಯರ್ಥವಾಗಿ ಹೋಗುವ ಎರಡು ಜಾಗ ಆರಿಸಿ, ಒಂದಕ್ಕೊಂದು ಆದಷ್ಟು ದೂರ ಇರಲಿ, ಒಂದೊಂದು ಸಣ್ಣ ತೂತು ಹೊಡೆಯಿರಿ. ಎರಡರ ಎಕ್ಸ್ ವೈ ಸಂಖ್ಯೆಯನ್ನು ತಗಡಿನ ಮೇಲೇ ಚಾಕ್‌ಪೀಸಿನಲ್ಲಿ ಬರೆದಿಡಿ. ಕರೆಂಟ್ ಬಂದ ಮೇಲೆ ಪ್ಲಸ್ಸನ್ನು ಮೊದಲ ತೂತಿಗೆ ತಂದು, ಅಲ್ಲಿ ಬರೆದ ಸಂಖ್ಯೆಯನ್ನೇ ಜಿ10 ಎಲ್20ರಲ್ಲಿ ಕೊಡಿ. ನಂತರ ಎರಡನೆಯ ತೂತಿನ ಸಂಖ್ಯೆಗೆ ಟಾರ್ಚ್ ಕಳಿಸಿ. ಪ್ಲಸ್ಸು ತೂತಿನ ಮೇಲೇ ಬಿದ್ದರೆ ಮುಂದುವರಿಸಿ. ಪಕ್ಕಕ್ಕೆ ಬಿದ್ದರೆ ಕತ್ತಲಲ್ಲಿ ಯಾರೋ ತಗಡಿಗೆ ಮೊಣಕಾಲು ತಾಗಿಸಿದ್ದಾರೆ, ಮೇಲೆ ಹೇಳಿದ ಹಾಗೆ ತಿರುಗಿಸಿ ಹೊಂದಿಸಿಕೊಳ್ಳಿ. ನಿಂತ ಗೆರೆಯ ಮಧ್ಯದಿಂದ ಶುರು ಮಾಡಬೇಡಿ, ಅಲ್ಲೊಂದು ಗಂಟು ಉಳಿಯುತ್ತದೆ. ಆ ಆಕಾರವನ್ನು ಅದರ ಮೊದಲ ಪಿಯರ್ಸಿನಿಂದಲೇ (ಟಾರ್ಚ್ ಮೊದಲು ತೂತು ಹೊಡೆದ ಜಾಗ) ಮತ್ತೆ ಓಡಿಸಿ.